ಸರ್ ಗ್ರಿಫಿತ್‌ರ ಒಕ್ಕಲು

ಟೈಪು ಮಾಡುವವರಿಗೆ ಸ್ವಂತ ಅಭಿಪ್ರಾಯ ಇರಬಾರದು ಎಂದು ಉಡುಪಿಯಲ್ಲಿ ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ, ಮನಸ್ಸು ಬೇಕಾದರೆ ಮನೆಯಲ್ಲಿರಲಿ ಎನ್ನುವುದು ಅವರ ಶಾಸ್ತ್ರ. ನಾನು ಒಳ್ಳೆಯ ಶಿಷ್ಯೆ. ಮಸ್ಕತ್ತಿನ ಕಂಪನಿಯೊಂದರಲ್ಲಿ ಏಳು ವರ್ಷ ಸೆಕ್ರೆಟರಿಯಾಗಿದ್ದರೂ ಒಂದೇ ಒಂದು ಅಭಿಪ್ರಾಯವನ್ನು ಹೊರಗೆ ಬಿಟ್ಟವಳಲ್ಲ. ಈ ಗುಣಕ್ಕೆ ನಾನು ವಿನಯ ಎಂದು ಹೆಸರಿಟ್ಟುಕೊಂಡಿದ್ದೆ. ನನ್ನ ಗಂಡ ಲಾರೆನ್ಸ್ ಬೇರೊಂದು ಹೆಸರಿಟ್ಟಿದ್ದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಆಗಿದ್ದ ಪ್ರೈಸ್ ಸಾಹೇಬರು ವೇಲ್ಸಿನವರು. ಯಾರಾದರೂ ಇಂಗ್ಲೆಂಡಿನವರಾ ಎಂದು ಕೇಳಿದರೆ ಅವರ ಕಿವಿ ಕೆಂಪಾಗುತ್ತಿತ್ತು. ಜಾರ್ಜ್ ದೊರೆಗಳ ಕಾಲದಲ್ಲಿ ಬದುಕಿದ್ದ ತಮ್ಮ ಪೂರ್ವಜ ಸರ್ ಗ್ರಿಫಿತ್ ಎಂಬ ಜಮೀನ್ದಾರರ ಜೀವನಚರಿತ್ರೆಯನ್ನು ಅವರು ಬರೆಯುತ್ತಿದ್ದರು. ಟೈಪು ಮಾಡುವವಳು ನಾನು. ಮೂರು ಕಣಿವೆಗಳ ಒಡೆಯರಾದ ಸರ್ ಗ್ರಿಫಿತ್ ಮೂವತ್ತು ವರ್ಷ ಪಾರ್ಲಿಮೆಂಟಿನಲ್ಲಿ ಕೂತು, ಒಮ್ಮೆಯೂ ಬಾಯಿ ಬಿಡದೆ ಎದ್ದು ಬಂದವರು. ಆ ಒಂದು ಕಾರಣಕ್ಕೆ ನನಗೆ ಅವರ ಮೇಲೆ ಗೌರವ ಹುಟ್ಟಿತ್ತು.

ಆ ವರ್ಷ ಊರಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. "ನಿನ್ನನ್ನು ಕೇಳುತ್ತಾರೆ, ಬೇಗ ಬಾ" ಎಂದು ಅಣ್ಣ ಕಾಗದ ಬರೆದಿದ್ದ. ನಾನೋ ಪುಸ್ತಕ ಮುಗಿದ ಮೇಲೆ, ಸಾಹೇಬರು ಊರಿಗೆ ಹೋಗಿ ಬಂದ ಮೇಲೆ ರಜೆ ಕೇಳೋಣವೆಂದು ದಿನ ದೂಡುತ್ತಿದ್ದೆ. ಸಾಹೇಬರು ಊರಿಗೆ ಹೋದಾಗಲೆಲ್ಲ ಅವರ ನಾಯಿ ರೂವಿ ಬಡಾವಣೆಯಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಠಿಕಾಣಿ ಹೂಡುತ್ತಿತ್ತು. "ಎಂತ ಮಾರಾಯ್ತಿ ಇದು! ನಿನಗೆ ವೀಸಾ ಕೊಟ್ಟ ಕಫೀಲ್ ಕಂಪನಿಯಾ, ಆ ನಾಯಿಯಾ?" ಎಂದು ಲಾರೆನ್ಸ್ ಹಲ್ಲು ಕಡಿಯುತ್ತಿದ್ದರು. ಬೇಡ ಎನ್ನುವುದು ಹೇಗೆ ಹೇಳಿ?

ಹೀಗಿರುವಾಗ ಒಂದು ಮಧ್ಯಾಹ್ನ ಹಳೆಯ ಗೇಣಿಪತ್ರವೊಂದರ ನಕಲು ಟೈಪಿಗೆ ಬಂತು. ಸರ್ ಗ್ರಿಫಿತ್‌ರ ಒಕ್ಕಲುಗಳು ಗೇಣಿಯಲ್ಲದೆ ವರ್ಷಕ್ಕೆ ಎರಡು ಕೊಬ್ಬಿದ ಕೋಳಿ ಕೊಡತಕ್ಕದ್ದು, ಕೊಯ್ಲಿನಲ್ಲಿ ಮೂರು ದಿನ ಧಣಿಗಳ ಹೊಲದಲ್ಲಿ ದುಡಿಯತಕ್ಕದ್ದು, ಧಣಿಗಳ ಒಂದು ಬೇಟೆನಾಯಿಯನ್ನು ತಮ್ಮ ಮನೆಯಲ್ಲಿ ಸಾಕತಕ್ಕದ್ದು. ನನ್ನ ಬೆರಳು ನಿಂತಿತು. ಭೂಮಸೂದೆ ಬರುವ ಮೊದಲು ನನ್ನ ಅಪ್ಪನೂ ಒಕ್ಕಲೇ. ವರ್ಷ ವರ್ಷ ಕೋಳಿ ಹಿಡಿದುಕೊಂಡು ಧಣಿಗಳ ಮನೆಗೆ ಹೋಗುತ್ತಿದ್ದರು, ಸೌತೆಕಾಯಿಯ ಬುಟ್ಟಿ ಹೊತ್ತು ಹಿಂದೆ ನಾನು. ಅಪ್ಪ ಅಂಗಳದಲ್ಲೇ ನಿಲ್ಲುತ್ತಿದ್ದರು, ವೋಟನ್ನೂ ಧಣಿಗಳು ಹೇಳಿದ ಗುರುತಿಗೇ ಒತ್ತುತ್ತಿದ್ದರು. ಮುಂದಿನ ಸಾಲು ಸಾಹೇಬರ ಸ್ವಂತದ್ದು: ಒಕ್ಕಲುಗಳು ಇದನ್ನೆಲ್ಲ ಸಂತೋಷದಿಂದ ಸಲ್ಲಿಸುತ್ತಿದ್ದರು. ನನ್ನ ಲೆಕ್ಕ ತಲೆಗೆ ಬಂತು. ಕ್ರಿಸ್ಮಸ್ಸಿಗೆ ಸಾಹೇಬರ ಮನೆಗೆ ತಟ್ಟೆ ತುಂಬ ತಿಂಡಿ, ಶುಕ್ರವಾರದ ರಜೆಯಲ್ಲೂ ಟೈಪಿಂಗ್, ಜೊತೆಗೆ ನಾಯಿ. ಕೋಳಿಯೊಂದು ಬಾಕಿ ಇತ್ತು ಅಷ್ಟೆ. ನನಗೆ ನಗು ಬರಲಿಲ್ಲ, ಅಳು ಬಂತು.

ಹಾಳೆ ಹಿಡಿದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. "ಸರ್, ಅವರು ಸಂತೋಷದಿಂದ ಕೊಟ್ಟಿರಲಿಕ್ಕಿಲ್ಲ. ನಾವೂ ಒಕ್ಕಲು. ನನ್ನ ತಂದೆಗೆ ತುಂಬಾ ಸೀರಿಯಸ್, ನನಗೆ ರಜೆ ಬೇಕು, ನಾಯಿ ಈ ಸಲ ಆಗುವುದಿಲ್ಲ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಏಳು ವರ್ಷದ ಅಭಿಪ್ರಾಯವೆಲ್ಲ ಒಟ್ಟಿಗೇ ಹೊರಬಿದ್ದಿತ್ತು.

ಸಾಹೇಬರು ಕನ್ನಡಕ ತೆಗೆದರು. "ಲಿಲ್ಲಿ, ಮೊದಲ ವರ್ಷ ನಾಯಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದವರು ನೀವೇ. ನಿಮಗೆ ನಾಯಿ ಎಂದರೆ ಪ್ರಾಣ ಎಂದುಕೊಂಡಿದ್ದೆ. ತಂದೆಯ ವಿಷಯ ಯಾಕೆ ಹೇಳಲಿಲ್ಲ?" ಮಾತು ನಿಜವಾಗಿತ್ತು. ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ ಎನ್ನುವುದೂ ಅಷ್ಟೇ ನಿಜ. ಅವತ್ತೇ ರಜೆಗೆ ಸಹಿ ಹಾಕಿ, ಆ 'ಸಂತೋಷದಿಂದ' ಎಂಬುದನ್ನು ಪೆನ್ಸಿಲಿನಿಂದ ಹೊಡೆದುಹಾಕಿದರು. ದೊಡ್ಡ ಜಗಳಕ್ಕೆ ಸೊಂಟ ಕಟ್ಟಿ ಹೋದವಳಿಗೆ ಜಗಳಾಡಲು ಯಾರೂ ಸಿಗದೆ ನಾಚಿಕೆಯಾಯಿತು.

ಊರಿಗೆ ಮುಟ್ಟಿದಾಗ ಅಪ್ಪನಿಗೆ ನನ್ನ ಗುರುತು ಸಿಕ್ಕಿತು. ಪುಣ್ಯ. ಮಗಳ ಧೈರ್ಯ ಕೇಳಿ ಹಿಗ್ಗುತ್ತಾರೆಂದು ಹಾಸಿಗೆಯ ಬದಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ, "ಧಣಿಗಳಿಗೆ ಎಂತ ತಂದಿದ್ದಿ?" ಎಂದರು.

"ಯಾವ ಧಣಿ ಅಪ್ಪಾ? ಭೂಮಿ ನಮ್ಮದಾಗಿ ಎಷ್ಟು ವರ್ಷ ಆಯಿತು!"

"ಭೂಮಿ ನಮ್ಮದೇ. ಆದ್ರೆ ಗಲ್ಫಿನಿಂದ ಬರಿಗೈಲಿ ಬಂದ್ಳು ಅಂತ ಆಗ್ಬಾರ್ದು. ಹೋಗಿ ಬಾ, ನಾನಿರುವಾಗಲೇ."

ಅಂಥವರ ಹತ್ತಿರ ವಾದ ಮಾಡುವುದುಂಟೇ? ಅತ್ತಿಗೆಗೆಂದು ತಂದಿದ್ದ ಮಸ್ಕತ್ ಹಲ್ವದ ಡಬ್ಬಿಯನ್ನು ಎತ್ತಿಕೊಂಡು, ಅಪ್ಪನಿಗೋಸ್ಕರ ಮಾತ್ರ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡು ಹೊರಟೆ. ಶಾಲೆಯಲ್ಲಿ ಟೀಚರಾಗಿದ್ದ ಧಣಿಗಳ ಸೊಸೆ ನನ್ನನ್ನು ಕಂಡು ಜಗಲಿಯಿಂದ ಓಡಿಬಂದರು. "ಬನ್ನಿ ಬನ್ನಿ, ಒಳಗೆ ಬನ್ನಿ. ಅಯ್ಯೋ, ಚಪ್ಪಲಿ ಯಾಕೆ ಅಷ್ಟು ದೂರ ಬಿಟ್ಟಿರಿ?"

ತಿರುಗಿ ನೋಡಿದೆ. ಮಸ್ಕತ್ತಿನಲ್ಲಿ ಕೊಂಡ ನನ್ನ ಹೊಸ ಚಪ್ಪಲಿ ಗೇಟಿನ ಆಚೆ, ಕೆಸರಿನಲ್ಲಿ, ಒಂದರ ಪಕ್ಕ ಇನ್ನೊಂದು ನೀಟಾಗಿ ಕೂತಿದ್ದವು. ಅವನ್ನು ಯಾವಾಗ ಕಳಚಿದೆ ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.