ಪಟ್ಟಿಯ ಕೊನೇ ಮನೆ

ಗುಮಾಸ್ತರು ಪಟ್ಟಿ ಬಿಡಿಸಿ ವಿಳಾಸ ಓದಿದ್ದೇ ತಡ, ಪೀಪಿಯ ಕೈಯಲ್ಲಿದ್ದ ಕ್ಲಾರಿನೆಟ್ಟು ಜಾರಿ ಅವನ ಕಾಲಬೆರಳ ಮೇಲೇ ಬಿತ್ತು. ಅದು ಅವನದೇ ಮನೆ.

ಮನೆ ತೆರಿಗೆ, ನೀರಿನ ಬಿಲ್ಲು ಬಾಕಿ ಉಳಿಸಿಕೊಂಡವರಿಗೆ ನೋಟಿಸು ಕೊಟ್ಟು ಕೊಟ್ಟು ಸುಸ್ತಾದ ನಗರಸಭೆ ಕೊನೆಗೊಂದು ಬ್ಯಾಂಡ್ ಇಟ್ಟಿತ್ತು. ಬಾಕಿದಾರನ ಮನೆ ಮುಂದೆ ನಿಂತು ಬಾರಿಸೋದು. ಅವನು ದುಡ್ಡು ಕಟ್ಟುವ ತನಕ ನಿಲ್ಲಿಸೋದಿಲ್ಲ, ಅಷ್ಟೇ. ಡ್ರಮ್ಮಿಗೊಬ್ಬ, ಟ್ರಂಪೆಟ್ಟಿಗೊಬ್ಬ, ಕ್ಲಾರಿನೆಟ್ಟಿಗೆ ನಮ್ಮ ಪೀಪಿ. ಮೂವರಿಗೂ ದಿನಗೂಲಿ. ಇದ್ದದ್ದು ಒಂದೇ ಷರತ್ತು: ಸ್ವಂತ ಬಾಕಿ ಇರುವವರಿಗೆ ಈ ಕೆಲಸ ಇಲ್ಲ.

ಪೀಪಿ ಅದನ್ನು ಓದಿಯೇ ಸಹಿ ಹಾಕಿದ್ದ. ಮನೆ ಇದ್ದದ್ದು ತೀರಿಹೋದ ಮಾವನ ಹೆಸರಲ್ಲಿ. ಅದರೊಳಗೆ ಉಂಡು ಮಲಗುವವನು ಯಾರು ಅಂತ ಗುಮಾಸ್ತರಿಗೇನು ಕನಸು ಬೀಳುತ್ತದೆಯೇ? ಮೂರು ತಿಂಗಳಿಂದ ಆ ವಿಳಾಸ ಬಂದಾಗಲೆಲ್ಲ "ಅದು ಬಲು ದೂರ ಸಾರ್", "ಅಲ್ಲಿ ನಾಯಿ ಕಾಟ ಸಾರ್" ಅಂತ ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿಸುತ್ತಲೇ ಬಂದಿದ್ದ. ಇವತ್ತು ಇನ್ನು ಕೆಳಕ್ಕೆ ತಳ್ಳೋಕೆ ಕಾಗದದಲ್ಲಿ ಜಾಗವೇ ಇರಲಿಲ್ಲ.

"ಸಾರ್, ಅಲ್ಲಿ ನಾಯಿ..."

"ನಾಯೀನೂ ಕೇಳ್ಲಿ ಬಿಡಯ್ಯ. ನಡಿ ನಡಿ."

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರದಿರಲಿ ಅಂತ ಪೀಪಿ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡ. ದೇವರಿಗೆ ಆಗ ಬೇರೆ ಕೆಲಸ ಇತ್ತು ಅಂತ ಕಾಣುತ್ತೆ. ಬ್ಯಾಂಡು ಮನೆ ಮುಂದೆ ನಿಂತು ಡ್ರಮ್ಮು ಎರಡು ಸಲ ಸದ್ದು ಮಾಡಿದ್ದೇ ಎದುರುಗಡೆಯ ಇಸ್ತ್ರಿ ಅಂಗಡಿಯವನು ಕತ್ತು ಉದ್ದ ಮಾಡಿದ. ಪೀಪಿ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ.

"ಅಲ್ಲಾ ಪೀಪಿ, ಇದು ನಿನ್ನ ಮ..."

ಪೇಂಏಂಏಂ!

ಕ್ಲಾರಿನೆಟ್ಟಿನ ಬಾಯಿ ನೇರ ಇಸ್ತ್ರಿಯವನ ಕಿವಿಗೇ ತಿರುಗಿತ್ತು. ಪಾಪ, ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೇ ಉಳಿಯಿತು. ಎರಡು ನಿಮಿಷಕ್ಕೆ ಹೊಗೆ ಎದ್ದು, ಅವನು ಲಬೋ ಲಬೋ ಅಂತ ನೀರಿಗೆ ಓಡಿದ.

ಪಕ್ಕದ ಮನೆಯ ನರ್ಸಮ್ಮ ಕೆದರಿದ ತಲೆಯಲ್ಲಿ ಹೊರಬಂದಳು. "ಪಾಳಿ ಮುಗಿಸಿ ಈಗ ತಾನೇ ಕಣ್ಣು ಮುಚ್ಚಿದ್ದೆ ಕಣ್ರೋ! ಅಯ್ಯೋ, ಇವನು ನಮ್ಮ ಪಕ್ಕದ ಮ..."

ಪೇಂಏಂಏಂ!

ಗುಮಾಸ್ತರು ಬಾಗಿಲು ತಟ್ಟಿದರು. ಕಿಟಕಿ ತೆರೆಯಿತು. ಕಿಟಕಿಯಲ್ಲಿ ಪೀಪಿಯ ಅತ್ತೆ!

"ಅಮ್ಮಾ, ಮನೇಲಿ ಗಂಡಸರು ಯಾರೂ ಇಲ್ವಾ?"

"ಇಲ್ದೆ ಏನಪ್ಪಾ? ಇಲ್ಲೇ ನಿಂತಿದಾರಲ್ಲ, ನಮ್ಮ ಅಳಿ..."

ಪೇಂಏಂ! ಪೇಂ! ಪೇಂಏಂಏಂ!

ಪೀಪಿ ಗುಮಾಸ್ತರ ಸುತ್ತ ಬುಗುರಿಯ ಹಾಗೆ ತಿರುಗುತ್ತ ಊದಿದ. ಅತ್ತೆ ಬೆರಳು ತೋರಿಸಿದ ಕಡೆಯಿಂದ ಜಿಗಿದು ಇನ್ನೊಂದು ಕಡೆ ಊದಿದ. ರಾಗ ಯಾವುದು ಅಂತ ಕೇಳಬೇಡಿ, ಅವನಿಗೇ ಗೊತ್ತಿರಲಿಲ್ಲ. ನರ್ಸಮ್ಮ ಬಾಯಿ ತೆರೆದರೆ ಅವಳ ಕಡೆ, ಇಸ್ತ್ರಿಯವನು ಬಂದರೆ ಅವನ ಕಡೆ, ಅತ್ತೆ ಉಸಿರೆಳೆದುಕೊಂಡರೆ ಕಿಟಕಿಯ ಕಡೆ. ಗುಮಾಸ್ತರಿಗೆ ಆನಂದಬಾಷ್ಪ ಬರುವುದೊಂದು ಬಾಕಿ.

"ನೋಡ್ರಯ್ಯಾ, ನಿಷ್ಠೆ ಅಂದ್ರೆ ಇದು! ಸ್ವಂತ ಮನೆ ಕೆಲಸ ಅನ್ನೋ ಹಾಗೆ ಊದ್ತಿದಾನೆ!"

ಮುಕ್ಕಾಲು ಗಂಟೆಗೆ ಬೀದಿ ಸೋತಿತು. "ಎಷ್ಟು ಸ್ವಾಮಿ ಬಾಕಿ?" ಅಂತ ನರ್ಸಮ್ಮ ಗುಮಾಸ್ತರ ಕಿವಿಯಲ್ಲಿ ಕೂಗಿದಳು. "ಎಷ್ಟಾದ್ರೂ ಆಗ್ಲಿ, ಈ ಪ್ರಾಣಿ ಊದೋದು ನಿಂತ್ರೆ ಸಾಕು!" ಬಕೆಟ್ಟು ಹಿಡಿದು ಮನೆಮನೆ ಸುತ್ತಿದಳು. ಇಸ್ತ್ರಿಯವನು ಗಲ್ಲಾಪೆಟ್ಟಿಗೆಯನ್ನೇ ಮಗುಚಿದ. ಗುಮಾಸ್ತರು ಎಣಿಸಿ, ಮಾವನ ಹೆಸರಿಗೆ ರಸೀದಿ ಬರೆದು ಕಿಟಕಿಯಲ್ಲಿ ಕೊಟ್ಟರು.

ಬಾಕಿ ತೀರಿತು, ಕೆಲಸ ಉಳಿಯಿತು! ಪೀಪಿಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಆದರೆ ತುಟಿ ಊದಿಕೊಂಡು ನಗೋಕೂ ಆಗುತ್ತಿರಲಿಲ್ಲ.

ಗುಮಾಸ್ತರು ಪಟ್ಟಿ ಮಡಚಿ ಜೇಬಿಗಿಟ್ಟು ಅವನ ಬೆನ್ನು ತಟ್ಟಿದರು. "ಭೇಷ್! ಇದೇ ಕೊನೇ ಮನೆ. ಊರಲ್ಲಿ ಇನ್ನು ಬಾಕಿ ಅನ್ನೋದೇ ಇಲ್ಲ. ನಾಳೆಯಿಂದ ನೀವ್ಯಾರೂ ಬರೋದು ಬೇಡ."

ಅವರು ಸೈಕಲ್ ಹತ್ತಿ ಮರೆಯಾದರು. ಆಮೇಲೆ ಡ್ರಮ್ಮಿನವನು ಕೋಲನ್ನು ಪೀಪಿಯ ಮೂಗಿಗೆ ಹಿಡಿದ. "ಇದೊಂದು ಮನೆ ಬಾಕಿ ಉಳಿದಿದ್ರೆ ಇನ್ನೊಂದು ವರ್ಷ ಹೊಟ್ಟೆಪಾಡು ನಡೀತಿತ್ತು. ಸ್ವಲ್ಪ ಮೆಲ್ಲಗೆ ಊದೋಕೆ ನಿಂಗೇನು ರೋಗ?"

ಪೀಪಿ ಒಳಗೆ ಹೋಗಿ ಮುಸುಕು ಹಾಕಿ ಮಲಗಿದ. ಸಂಜೆ ಬೀದಿಯಲ್ಲಿ ಢಂಢಂ ಶುರುವಾಯಿತು. ಕಿಟಕಿಯಲ್ಲಿ ಇಣುಕಿದರೆ ಅದೇ ಡ್ರಮ್ಮು, ಅದೇ ಟ್ರಂಪೆಟ್ಟು. ಹಿಂದೆ ಕುರ್ಚಿ ಹಾಕಿ ಕೂತ ಇಸ್ತ್ರಿಯವನು, ಡ್ಯೂಟಿಗೆ ಹೊರಟು ನಿಂತ ನರ್ಸಮ್ಮ.

"ನಾವು ಕೊಟ್ಟಿದ್ದು ದಾನ ಅಲ್ಲ ಪೀಪಿ, ಕೈಗಡ," ಅಂದಳು ನರ್ಸಮ್ಮ. "ವಾಪಸ್ ಬರೋ ತನಕ ನಾನು ಡ್ಯೂಟಿಗೆ ಹೋಗೋ ಹೊತ್ತಿಗೆ ದಿನಾ ಒಂದು ಗಂಟೆ. ಬ್ಯಾಂಡಿನ ಖರ್ಚು ನಿನ್ನ ಲೆಕ್ಕಕ್ಕೇ."

"ಎಲ್ಲಿಂದ ತರ್ಲಿ ತಾಯಿ? ಕೆಲಸಾನೇ ಹೋಯ್ತಲ್ಲ!"

"ಹೋದ ಕೆಲಸ ತಿರುಗಿ ಬಂದಿದೆ, ಬಾರೋ," ಅಂತ ಡ್ರಮ್ಮಿನವನು ಕೂಗಿದ. "ಕ್ಲಾರಿನೆಟ್ ಇಲ್ದೆ ಸಪ್ಪೆ ಅಂತಿದಾರೆ. ಅದೇ ದಿನಗೂಲಿ!"

"ಅದನ್ನ ಅವನ ಬಾಕೀಲಿ ಮುರ್ಕೋತೀವಿ," ಅಂತ ಇಸ್ತ್ರಿಯವನು ಸೇರಿಸಿದ.

ಪೀಪಿ ಕ್ಲಾರಿನೆಟ್ಟು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಹೊರಗೆ ಬಂದು ತನ್ನ ಮನೆಗೇ ಮುಖಮಾಡಿ ನಿಂತ. ಊದಿದ ತುಟಿಯಿಂದ ಕುಂಯ್ ಅಂತ ಒಂದು ಸ್ವರ ಹೊರಟಿತು.

ಅತ್ತೆ ಕಿಟಕಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: "ಅಳಿಯಂದ್ರೇ, ಬೆಳಗ್ಗೆಯಷ್ಟು ಜೋರಿಲ್ಲ!"