ಆರನೇ ಮಹಡಿಯಿಂದ ಇಳಿದ ಧಾರಾವಾಹಿ

ರಂಜಾನ್ ಬಂತೆಂದರೆ ಕೈರೋದ ಜನ ಇಂದಿಗೂ ಉಪವಾಸ ಬಿಟ್ಟ ಕೈ ತೊಳೆಯುವುದನ್ನೂ ಮರೆತು ನೋಡುವ ಆ ಹಳೆಯ ಧಾರಾವಾಹಿ ಹುಟ್ಟಿದ್ದು ಸೊಪ್ಪಿನ ಬುಟ್ಟಿಯಲ್ಲಿ. ಅದಕ್ಕೆ ಕಾರಣ ಉಸ್ತಾದ್ ಹಿಲ್ಮಿಯ ಸೊಂಟ. ಒಂದು ಬೆಳಿಗ್ಗೆ ಕೆಳಗೆ ಬಿದ್ದ ಪೆನ್ನೆತ್ತಲು ಬಗ್ಗಿದವನು ಹಾಗೇ ಸೊಂಟ ಹಿಡಿದುಕೊಂಡು ನಿಂತ. ಆ ತಿಂಗಳಲ್ಲಿ ಅವನು ಮೈ ಬಗ್ಗಿಸಿ ಮಾಡಿದ ಕೆಲಸ ಅದೊಂದೇ.

ಹನ್ನೆರಡು ವರ್ಷ ರೇಡಿಯೋದಲ್ಲಿ ಹತ್ತಿ ಬೆಳೆಗೆ ಬೀಳುವ ಹುಳದ ಬಗ್ಗೆ ಬರೆದವನಿಗೆ ಇದು ಮೊದಲ ಧಾರಾವಾಹಿ. ಅವನಿಗಿದ್ದದ್ದು ಒಂದೇ ಆಸೆ: ಟೀವಿ ಪರದೆಯ ಮೇಲೆ 'ರಚನೆ' ಎಂಬುದರ ಕೆಳಗೆ ತನ್ನ ಹೆಸರು ಒಂಟಿಯಾಗಿ ಬರಬೇಕು. ಕ್ಷೌರದಂಗಡಿಯಲ್ಲಿ, ಕಾಫಿ ಅಂಗಡಿಯಲ್ಲಿ ಆಗಲೇ ಹೇಳಿಕೊಂಡು ಬಂದಿದ್ದ.

ರಂಜಾನ್‌ಗೆ ನಾಲ್ಕೇ ದಿನ. ಕೆಳಗೆ ಸ್ಟುಡಿಯೋದ ಕಾರು ಹಾರ್ನ್ ಹೊಡೆಯುತ್ತಿತ್ತು. ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು. ಹಿಲ್ಮಿ ಮೊದಲ ಕಂತನ್ನು ಬುಟ್ಟಿಗೆ ಹಾಕಿ, ದಿನಾ ಸೊಪ್ಪು ತರಕಾರಿ ಸೇದುವ ಹಗ್ಗದಲ್ಲೇ ಆರನೇ ಮಹಡಿಯ ತನ್ನ ಬಾಲ್ಕನಿಯಿಂದ ಇಳಿಬಿಟ್ಟ.

ಐದನೇ ಮಹಡಿಯಲ್ಲಿ ಹಗ್ಗ ನಿಂತಿತು. ಅಲ್ಲಿರುವುದು ಹಜ್ ಯಾತ್ರೆ ಮಾಡಿ ಬಂದ ಹಜ್ಜಾ ಸನಿಯ್ಯಾ. ತನ್ನ ಬಾಲ್ಕನಿಯ ಮುಂದೆ ಹಾದುಹೋಗುವ ಯಾವ ಬುಟ್ಟಿಯನ್ನೂ ಆಕೆ ತಡವದೆ ಬಿಟ್ಟವಳಲ್ಲ.

"ಹಜ್ಜಾ, ಅದು ಸೊಪ್ಪಲ್ಲ, ಧಾರಾವಾಹಿ. ಬಿಡಿ."

"ಗೊತ್ತು ಕಣಪ್ಪ. ಸೊಪ್ಪಾಗಿದ್ದಿದ್ರೆ ಯಾವಾಗ್ಲೋ ಬಿಟ್ಟಿರ್ತಿದ್ದೆ."

ಆಕೆ ಗಟ್ಟಿಯಾಗಿ ಓದತೊಡಗಿದಳು. "'ಪ್ರಾಣನಾಥಾ, ವಿಧಿ ನಮ್ಮ ಬಾಗಿಲನ್ನು ತಟ್ಟುತ್ತಿದೆ.' ಯಾರಪ್ಪ ಹೀಗೆ ಮಾತಾಡೋದು? ನಮ್ಮನೆ ಬಾಗಿಲು ತಟ್ಟಿದ್ರೆ ಗ್ಯಾಸಿನವನು."

ಆಮೇಲೆ ಪೆನ್ಸಿಲಿನ ಗೀಚಾಟ ಕೇಳಿಸಿತು. ಹಿಲ್ಮಿ ಹಗ್ಗ ಎಳೆದ, ಸೊಂಟ ಚಳಕ್ ಎಂದಿತು, ಸುಮ್ಮನಾದ. ಅರ್ಧ ಗಂಟೆಯ ಮೇಲೆ ಇಳಿದ ಬುಟ್ಟಿ ಮೂರನೇ ಮಹಡಿಯಲ್ಲಿ ಮತ್ತೆ ನಿಂತಿತು. ಅಲ್ಲಿ ರೈಲ್ವೆಯಿಂದ ನಿವೃತ್ತರಾದ, ಎಲ್ಲರೂ ಗೌರವದಿಂದ 'ಬೇ' ಎಂದು ಕರೆಯುವ ಬಹ್ಗತ್ ಬೇ.

"ಉಸ್ತಾದ್, ನಾಯಕ ಒಂಬತ್ತು ಗಂಟೆ ರೈಲಿಗೆ ಅಲೆಕ್ಸಾಂಡ್ರಿಯಾಕ್ಕೆ ಹೋಗ್ತಾನೆ ಅಂತ ಬರೆದಿದ್ದೀರಿ. ಒಂಬತ್ತಕ್ಕೆ ರೈಲೇ ಇಲ್ಲ."

"ಹತ್ತು ಅಂತ ಮಾಡಿ ಬಿಡಿ, ಬೇ."

"ಹೋಗೋದೇ ಬೇಡ. ಮನೇಲೇ ಇರ್ಲಿ. ಜಗಳಕ್ಕೆ ಅನುಕೂಲ."

"ನಾನೂ ಅದನ್ನೇ ಬರೆದಿದ್ದೀನಿ, ಮುಂದಿನ ಪುಟ ನೋಡಿ," ಎಂದು ಐದನೇ ಮಹಡಿ ಕೂಗಿ ಹೇಳಿತು.

ಅಂತೂ ಕಂತನ್ನು ಹೊತ್ತು ಕಾರು ಹೋಯಿತು. ಹಿಲ್ಮಿ ಹಾಸಿಗೆಗೆ ಬಿದ್ದ. ನಿರ್ದೇಶಕ ರವೂಫ್ ಅದನ್ನು ಎಸೆದು ಬೇರೆಯವರ ಕೈಲಿ ಬರೆಸುತ್ತಾನೆ, ತನ್ನ ಹೆಸರಿನ ಕತೆ ಮುಗಿಯಿತು ಎಂದು ಸಂಜೆವರೆಗೂ ಕೊರಗಿದ.

ಸಂಜೆ ಹಜ್ಜಾ ಕೂಗಿದಳು. "ನಿಂಗೆ ಫೋನು, ಇಳಿದು ಬಾ."

ಕಟ್ಟಡಕ್ಕೆಲ್ಲ ಇದ್ದದ್ದು ಆಕೆಯ ಫೋನೊಂದೇ. ಹಿಲ್ಮಿ ಮೆಟ್ಟಿಲ ಮೇಲೆ ಕೂತು ಕೂತು, ಅಂಬೆಗಾಲಿನ ಮಗುವಿನ ಹಾಗೆ ಇಳಿದ. ಒಳಗೆ ಬಹ್ಗತ್ ಬೇ ಚಹಾ ಕುಡಿಯುತ್ತ ಕೂತಿದ್ದರು. ರವೂಫ್‌ನದು ಫೋನಿಲ್ಲದಿದ್ದರೂ ಕೇಳಿಸುವಂಥ ಗಂಟಲು.

"ಹಿಲ್ಮಿ, ನಿಜ ಹೇಳು. ಅಲ್ಲಲ್ಲಿ ಬೇರೆ ಕೈಬರಹ ಇದೆ. ಬರೆದವರು ಯಾರು?"

"ಯಾಕೆ?"

"ಕ್ಯಾಮೆರಾದವನು ನಕ್ಕು ನಕ್ಕು ಮೂರು ಸಲ ಚಿತ್ರೀಕರಣ ಕೆಡಿಸಿದ. ಹೊಡೆದು ಹಾಕಿರೋ ನಿನ್ನ ಸಾಲುಗಳನ್ನೂ ಓದಿದೆ. ಅದನ್ನೇ ಚಿತ್ರೀಕರಿಸಿದ್ರೆ ಅವನು ನಿದ್ದೆ ಹೋಗ್ತಿದ್ದ."

ನಾನೂ ಇದೇ ಊರಿನಲ್ಲಿ ಧಾರಾವಾಹಿ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಪೈಕಿಯವರಿಗೆ ಹೊಗಳಿಕೆ ಕಿವಿಗೆ ಬಿದ್ದರೆ ಸಾಕು, ಸುಳ್ಳು ತಾನಾಗಿ ಬಾಯಿಗೆ ಬರುತ್ತದೆ.

"ನಂದೇ," ಎಂದ ಹಿಲ್ಮಿ. "ಸೊಂಟ ನೋವಿತ್ತು. ನಾನು ಹೇಳ್ತಾ ಹೋದೆ, ಅಕ್ಕಪಕ್ಕದವರು ಬರ್ಕೊಂಡ್ರು."

ಹಜ್ಜಾ ಸಕ್ಕರೆ ಕದಡುವುದನ್ನು ನಿಲ್ಲಿಸಿದಳು. ಹಿಲ್ಮಿಗೆ ಭಯವಾದದ್ದು ಅದಕ್ಕೇ.

"ಅದರಲ್ಲೂ ಆರನೇ ಮಹಡಿಯ ಆ ಪೆದ್ದ ಸಾಹಿತಿ," ಎಂದ ರವೂಫ್. "ಪಟ್ಟೆ ಪೈಜಾಮ ಹಾಕ್ಕೊಂಡು ಪಾರಿವಾಳಗಳಿಗೆ ತನ್ನ ಬರಹ ಓದಿ ಹೇಳ್ತಾನೆ, ಅವೂ ಹಾರಿಹೋಗ್ತವೆ. ಅವನಿಗೆ ನಿನ್ನ ಹೆಸರೇ ಇಟ್ಟಿದ್ದೀಯಲ್ಲ, ತನ್ನನ್ನೇ ಹೀಗೆ ಗೇಲಿ ಮಾಡ್ಕೊಳ್ಳೋಕೆ ಎದೆ ಬೇಕಪ್ಪ. ಮೂವತ್ತು ಕಂತಿನಲ್ಲೂ ಅವನಿರ್ಬೇಕು. ಪಾತ್ರ ನೀನೇ ಮಾಡ್ಬೇಕು."

ಹಿಲ್ಮಿ ಹಜ್ಜಾಳ ಕಡೆ ತಿರುಗಿ ನೋಡಿದ. ಬರೆದವನು ತಾನಲ್ಲ ಎನ್ನುವ ಹಾಗಿರಲಿಲ್ಲ.

"ಆದ್ರೆ ಒಂದೇ ಹೆಸರು ಎರಡು ಕಡೆ ಬಂದ್ರೆ ಇವರಿಗೆ ಜನ ಸಿಗಲಿಲ್ಲ ಅಂತಾರೆ. ನಿನ್ನನ್ನ ನಟರ ಸಾಲಿಗೆ ಹಾಕ್ತೀನಿ. ರಚನೆ ಅನ್ನೋ ಕಡೆಗೆ ಬೇರೆ ಯಾವ್ದಾದ್ರೂ ಹೆಸರು ಹೇಳು."

ಹಜ್ಜಾ ಲೋಟದಿಂದ ತಲೆ ಎತ್ತದೆಯೇ ಹೇಳಿದಳು. "ಸನಿಯ್ಯಾ ಅಂತ ಬರೆಸಪ್ಪ. ಪಕ್ಕದಲ್ಲೇ ಬಹ್ಗತ್ ಬೇ ಅವರದೂ ಇರ್ಲಿ. ನೀನು ಹೇಳ್ತಾ ಹೋಗು, ಫೋನಿನಲ್ಲಿರೋರು ಬರ್ಕೊಳ್ತಾರೆ."