ಚಾರ್ಜರ್‌ಗೆ ಬೇಕಾದ ಬಿಸಿಲು

ವಾರ್ಸಿನಿ: ಚಿಕ್ಕದು ಬೇಡ ಅಂದ್ರೆ ಬೇಡ. ಅದರ ಮೇಲೆ ಬಿಸಿಲು ಬಿದ್ದಿದ್ದು ಬಿಸಿಲಿಗೇ ಗೊತ್ತಾಗಲ್ಲ.

ಹರ್ಜೋನೋ: ಬೆಟ್ಟ ಹತ್ತೋನು ನಾನು, ಹೊರೋನೂ ನಾನು. ಆ ದೊಡ್ಡದನ್ನ ಬಿಚ್ಚಿ ಹಾಸಿದ್ರೆ ನಾಲ್ಕು ಜನ ಕೂತು ಊಟ ಮಾಡಬಹುದು.

ವಾರ್ಸಿನಿ: ಮಾಡಿ, ಬೇಡ ಅಂದವರು ಯಾರು? ಊಟ ಮಾಡ್ತಾನೇ ನನಗೊಂದು ಫೋನ್ ಮಾಡಿ.

ಮಾತು ನಡೆಯುತ್ತಿದ್ದದ್ದು ಸಾಲಾತಿಗಾ ಪೇಟೆಯಲ್ಲಿ, ಟೆಂಟು, ಹಗ್ಗ, ಬೂಟು, ಬೆನ್ನುಚೀಲ ಮಾರುವ ಒಂದು ಅಂಗಡಿಯೊಳಗೆ. ಅದರ ಹಿಂದಿನ ಕಿಟಕಿಯಿಂದ ಮೆರ್ಬಾಬು ಬೆಟ್ಟ ಕಾಣುತ್ತದೆ. ಅಲ್ಲಿನ ಮಳೆಗಾಲದ ನವೆಂಬರ್ ತಿಂಗಳಾದ್ದರಿಂದ ಅವತ್ತು ಕಿಟಕಿ ಮಾತ್ರ ಕಾಣುತ್ತಿತ್ತು. ಕೌಂಟರಿನ ಮೇಲೆ ಮಡಚುವ ಸೋಲಾರ್ ಚಾರ್ಜರುಗಳು ಎರಡು: ಒಂದು ಪಠ್ಯಪುಸ್ತಕದಷ್ಟು, ಇನ್ನೊಂದು ಬಿಚ್ಚಿದಷ್ಟೂ ಬಿಚ್ಚಿಕೊಂಡು ಕೌಂಟರಿನ ಆಚೆಗೂ ಈಚೆಗೂ ಜೋತುಬಿದ್ದಿತ್ತು.

ಹರ್ಜೋನೋ ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಕಾಲೇಜಿನ ಹಳೆಯ ಗೆಳೆಯರೊಡನೆ ಬೆಟ್ಟ ಹತ್ತಿ ಮೂರು ದಿನ ಟೆಂಟಿನಲ್ಲಿ ಇದ್ದು ಬರುತ್ತಾರೆ. ಕಳೆದ ವರ್ಷ ಮೊದಲ ರಾತ್ರಿಯೇ ಅವರ ಫೋನು ಸತ್ತಿತು. ಸುದ್ದಿಯಿಲ್ಲದೆ ಕಂಗಾಲಾದ ವಾರ್ಸಿನಿ ಗಂಡ ಕ್ಷೇಮವಾಗಿ ಬರಲೆಂದು ಕೇರಿಯವರನ್ನೆಲ್ಲ ಕರೆದು ಚಾಪೆ ಹಾಸಿ ಪ್ರಾರ್ಥನೆ ಇಡಿಸಿದರು. ಮೂರನೆಯ ದಿನ ಕ್ಷೇಮವಾಗಿಯೇ ಬಂದ ಹರ್ಜೋನೋ ಅವರ ಕೈಗೆ, ಬಾಗಿಲಲ್ಲಿ ನಿಂತಿದ್ದ ಯಾರೋ ಅವರ ಗುರುತು ಹಿಡಿಯದೆ, ಪ್ರಾರ್ಥನೆಗೆ ಬಂದವರಿಗೆ ಕೊಡುವ ಊಟದ ಪೊಟ್ಟಣವೊಂದನ್ನು ಕೊಟ್ಟು, ಒಳಗೆ ಜಾಗವಿಲ್ಲ, ಹೊರಗೇ ಕೂತು ತಿನ್ನಿ ಎಂದರಂತೆ.

ಆದ್ದರಿಂದ ಈ ವರ್ಷ ಒಂದು ಷರತ್ತು. ದಿನಾ ಸಂಜೆ ಟೆಂಟಿನಿಂದ ವಿಡಿಯೋ ಕಾಲ್ ಮಾಡಿ ಮುಖ ತೋರಿಸಬೇಕು, ಇಲ್ಲವಾದರೆ ಬೆಟ್ಟವಿಲ್ಲ. ಷರತ್ತನ್ನು ಹರ್ಜೋನೋ ಒಪ್ಪಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಏನು ತಿಂದಿರಿ, ಕಾಲುಚೀಲ ಒಣಗಿದೆಯಾ, ಪಕ್ಕದಲ್ಲಿ ಕೆಮ್ಮುತ್ತಿರುವುದು ಯಾರು ಎಂದು ಯಾರೂ ಕೇಳದ ಜಾಗದಲ್ಲಿ ವರ್ಷಕ್ಕೊಮ್ಮೆ ಸುಮ್ಮನೆ ಕೂರಬೇಕು, ಅಷ್ಟೇ. ಚಿಕ್ಕ ಚಾರ್ಜರ್ ಮೊದಲ ಸಂಜೆಯ ಮಾತಿಗೆ ಸಾಕಾಗಿ, ಎರಡನೆಯ ಸಂಜೆಯ ಹೊತ್ತಿಗೆ ತಾನಾಗಿಯೇ ಸೋಲುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಆಗ ತಪ್ಪು ಚಾರ್ಜರಿನದು, ನೆಮ್ಮದಿ ತಮ್ಮದು.

ಅಂಗಡಿಯ ಗಿಲಾಂಗ್ ಹರ್ಜೋನೋ ಮೇಷ್ಟರ ಹಳೆಯ ವಿದ್ಯಾರ್ಥಿ. ಬೆಟ್ಟ ಹತ್ತಿದವನಲ್ಲ, ಬೆಟ್ಟ ಹತ್ತುವವರಿಗೆ ಮಾರಿ ಬದುಕುವವನು. ಹಿರಿಯ ಹೆಂಗಸರನ್ನು ಇಬು, ಗಂಡಸರನ್ನು ಬಾಪಾ ಎಂದು ಕರೆಯಬೇಕು, ಹಿರಿಯರಿಗೆ ಇಲ್ಲವೆನ್ನಬಾರದು, ಗಿರಾಕಿಗೂ ಇಲ್ಲವೆನ್ನಬಾರದು ಎಂದು ಮನೆಯಲ್ಲಿ ಕಲಿಸಿದ್ದರು. ಒಬ್ಬರಿಗೊಬ್ಬರು ಎದುರು ನಿಂತ ಇಬ್ಬರು ಹಿರಿಯ ಗಿರಾಕಿಗಳು ಬಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ವಾರ್ಸಿನಿ: ಗಿಲಾಂಗ್, ನೀನೇ ಹೇಳಪ್ಪ. ದೊಡ್ಡದೇ ಒಳ್ಳೇದಲ್ವಾ?

ಗಿಲಾಂಗ್: ಹೌದು ಇಬು. ದೊಡ್ಡದೇ ಒಳ್ಳೇದು.

ಹರ್ಜೋನೋ: ಚಿಕ್ಕದು ಹಗುರ. ನಮ್ಮ ವಯಸ್ಸಿಗೆ ಹಗುರವೇ ಮುಖ್ಯ.

ಗಿಲಾಂಗ್: ನಿಜ ಬಾಪಾ. ಹಗುರವೇ ಮುಖ್ಯ.

ವಾರ್ಸಿನಿ: ಎರಡೂ ಹೇಗೆ ನಿಜ ಆಗುತ್ತೆ?

ಗಿಲಾಂಗ್: ಅದೂ ಸರಿಯಾದ ಪ್ರಶ್ನೆಯೇ ಇಬು.

ಅವನು ಮೆಲ್ಲಗೆ ಒಳಗೆ ಹೋಗಿ ಮಧ್ಯಮ ಗಾತ್ರದ್ದೊಂದನ್ನು ತಂದಿಟ್ಟ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಬೇಡವೆಂದರು. ಅವತ್ತು ಅವರಿಬ್ಬರೂ ಒಪ್ಪಿದ ಸಂಗತಿ ಇದೊಂದೇ. ಹಾಗಾದರೆ ಪವರ್ ಬ್ಯಾಂಕ್ ಒಯ್ಯಬಹುದಲ್ಲ ಎಂದು ಅವನು ಕೇಳಿದ್ದಕ್ಕೆ, ಕಳೆದ ವರ್ಷ ಒಯ್ದಿದ್ದು ಅದನ್ನೇ ಎಂದು ವಾರ್ಸಿನಿ ಹೇಳಿದರು. ಅದನ್ನೂ ಮೊದಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬೇಕೆನ್ನುವುದು ಮೇಷ್ಟರಿಗೆ ಬೆಟ್ಟದ ಮೇಲೆ ಹೊಳೆಯಿತಂತೆ. ಸೂರ್ಯನಾದರೆ ಮನೆಯಲ್ಲಿ ಮರೆತು ಹೋಗುವ ವಸ್ತುವಲ್ಲ.

ಹರ್ಜೋನೋ ದಾರಿ ಬದಲಿಸಿದರು.

ಹರ್ಜೋನೋ: ಇದನ್ನ ಬೆನ್ನುಚೀಲದ ಹಿಂದೆ ನೇತುಹಾಕ್ಕೊಂಡು ನಡೀಬೇಕು, ಅಲ್ವಾ? ನವೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕಿರ್ತಾನೆ. ನಾನು ಇಲ್ಲಿಂದ ಹತ್ತೋದೂ ದಕ್ಷಿಣಕ್ಕೆ. ಮುಖಕ್ಕೆ ಬಿಸಿಲು, ಬೆನ್ನಿಗೆ ನೆರಳು. ದೊಡ್ಡದಾದ್ರೆ ದೊಡ್ಡ ನೆರಳು.

ವಾರ್ಸಿನಿ: ಎದೆಗೆ ಕಟ್ಟಿಕೊಳ್ಳಿ.

ಹರ್ಜೋನೋ: ಎದೆಗೆ ಕಟ್ಟಿಕೊಂಡ್ರೆ ಕಾಲಿಡೋ ಜಾಗ ಕಾಣಲ್ಲ.

ವಾರ್ಸಿನಿ: ಹಾಗಾದ್ರೆ ಬೆನ್ನಿಗೇ ಇರಲಿ. ಹಿಮ್ಮುಖವಾಗಿ ಹತ್ತಿ.

ಹರ್ಜೋನೋ: ಹಿಮ್ಮುಖವಾಗಿ ಬೆಟ್ಟ ಹತ್ತೋರು ಯಾರಾದ್ರೂ ಇದ್ದಾರಾ ಗಿಲಾಂಗ್?

ಗಿಲಾಂಗ್: ಇರಬಹುದು ಬಾಪಾ. ಬಂದು ಹೇಳಿಲ್ಲ.

ಕೊನೆಗೆ ಪರೀಕ್ಷೆ ಮಾಡಿಯೇ ನೋಡೋಣವೆಂದು ಮೂವರೂ ದೊಡ್ಡ ಚಾರ್ಜರನ್ನು ಹಿಡಿದುಕೊಂಡು ರಸ್ತೆಗೆ ಬಂದರು. ಫುಟ್‌ಪಾತಿನ ಮೇಲೆ ಹಾಸಿ, ಗಿಲಾಂಗ್ ತನ್ನ ಫೋನನ್ನು ಅದಕ್ಕೆ ಜೋಡಿಸಿದ. ಹಸಿರು ದೀಪ ಹೊತ್ತಿತು. ವಾರ್ಸಿನಿ ಗಂಡನ ಮುಖ ನೋಡಿದರು. ಅಷ್ಟರಲ್ಲಿ ಮೋಡವೊಂದು ಬಂತು, ದೀಪ ಆರಿತು. ಹರ್ಜೋನೋ ಹೆಂಡತಿಯ ಮುಖ ನೋಡಿದರು. ಮಾಂಸದುಂಡೆಯ ಸಾರು ಮಾರುವ ಗಾಡಿಯವನು ಹಾಸಿದ್ದನ್ನು ಕಂಡು ಗಾಡಿ ನಿಲ್ಲಿಸಿ, ಎಷ್ಟು ಬಟ್ಟಲು ಎಂದು ಕೇಳಿದ. ಅವನನ್ನು ಕಳಿಸಿದ್ದಾಯಿತು. ಮೋಡ ಮಾತ್ರ ಹೋಗಲಿಲ್ಲ.

ಹರ್ಜೋನೋಗೆ ಇಷ್ಟು ಒಳ್ಳೆಯ ಅವಕಾಶ ತರಗತಿಯಲ್ಲೂ ಸಿಕ್ಕಿರಲಿಲ್ಲ. ಪಡುವಣ ಗಾಳಿ ಹೇಗೆ ಸಮುದ್ರದ ತೇವ ಹೊತ್ತು ತರುತ್ತದೆ, ಬೆಟ್ಟ ಅದನ್ನು ಹೇಗೆ ತಡೆದು ಮೇಲಕ್ಕೆತ್ತುತ್ತದೆ, ಮಧ್ಯಾಹ್ನದೊಳಗೆ ಶಿಖರ ಹೇಗೆ ಮುಚ್ಚಿಹೋಗುತ್ತದೆ ಎಂದೆಲ್ಲ ಬೆರಳೆತ್ತಿ ವಿವರಿಸಿದರು. ಈ ತಿಂಗಳು ಬೆಟ್ಟದ ಮೇಲೆ ಚಿಕ್ಕದಾಗಲಿ ದೊಡ್ಡದಾಗಲಿ, ಯಾವ ಚಾರ್ಜರೂ ಕೆಲಸ ಮಾಡದೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಧಿಸಿದರು. ವಾರ್ಸಿನಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚಾರ್ಜರನ್ನು ಮಡಚಿ ಗಿಲಾಂಗನ ಕೈಗೆ ಕೊಟ್ಟರು.

ವಾರ್ಸಿನಿ: ಸರಿ ಬಾಪಾ, ಒಪ್ಪಿದೆ. ಬಿಸಿಲಿಲ್ಲ ಅಂದಮೇಲೆ ಚಾರ್ಜರ್ ಇಲ್ಲ. ಚಾರ್ಜರ್ ಇಲ್ಲ ಅಂದಮೇಲೆ ಫೋನ್ ಇಲ್ಲ. ಫೋನ್ ಇಲ್ಲ ಅಂದಮೇಲೆ ಬೆಟ್ಟ ಇಲ್ಲ. ನಡೀರಿ ಮನೆಗೆ.

ಅತಿಯಾಗಿ ಸಾಧಿಸಿದವರಿಗೆ ಆಗುವುದೇ ಹರ್ಜೋನೋಗೂ ಆಯಿತು. ಅವರ ಬೆಟ್ಟ ಕೈತಪ್ಪಿತು; ತನ್ನ ಗಿರಾಕಿಯೂ ಕೈತಪ್ಪುತ್ತಿರುವುದನ್ನು ಕಂಡು ಗಿಲಾಂಗನೇ ಮುಂದೆ ಬಂದ.

ಗಿಲಾಂಗ್: ಇಬು, ಬಿಸಿಲು ಬೇಕಿದ್ರೆ ವ್ಯವಸ್ಥೆ ಮಾಡಿಸಬಹುದು.

ಅವನು ಹೇಳಿದ್ದು ಸಾದಿಮಾನ್ ಅಜ್ಜನ ವಿಷಯ. ಮದುವೆಗೆ ಪೆಂಡಾಲಿನವನನ್ನು, ಅಡುಗೆಯವರನ್ನು ಗೊತ್ತುಮಾಡುವವರು ಮಳೆ ತಡೆಯುವವನನ್ನೂ ಗೊತ್ತುಮಾಡುತ್ತಾರೆ. ಸಾಲಾತಿಗಾದ ಸುತ್ತಮುತ್ತ ಆ ಕೆಲಸಕ್ಕೆ ಸಾದಿಮಾನ್ ಅಜ್ಜನೇ. ಅದು ಶುದ್ಧ ಮೂಢನಂಬಿಕೆ ಎಂದು ಮೇಷ್ಟರು ಹೇಳಹೊರಟರು. ಹಾಗೆ ಹೇಳಿದರೆ ಬೆಟ್ಟವಿಲ್ಲ ಎಂಬುದು ನೆನಪಾಗಿ, ಪ್ರಯತ್ನ ಮಾಡಿ ನೋಡುವುದರಲ್ಲಿ ತಪ್ಪೇನೂ ಇಲ್ಲ ಎಂದರು. ಗಿಲಾಂಗ್ ಇಬ್ಬರನ್ನೂ ಮತ್ತೆ ಅಂಗಡಿಯೊಳಗೆ ಕರೆತಂದು, ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಕೌಂಟರಿನ ಮೇಲಿಟ್ಟ.

ಸಾದಿಮಾನ್: ಮದುವೆಯೋ, ಸುನ್ನತಿಯೋ?

ಗಿಲಾಂಗ್: ಎರಡೂ ಅಲ್ಲ ಅಜ್ಜಾ. ಚಾರ್ಜಿಂಗ್.

ಸಾದಿಮಾನ್: ಅದು ಹೆಣ್ಣಿನ ಕಡೆಯ ಶಾಸ್ತ್ರವೋ, ಗಂಡಿನ ಕಡೆಯದೋ?

ವಾರ್ಸಿನಿ: ಗಂಡಿನ ಕಡೆಯದೇ ಅಜ್ಜಾ. ನಮ್ಮವರು ಬೆಟ್ಟಕ್ಕೆ ಹೋಗ್ತಾರೆ, ಅಲ್ಲಿ ಮೂರು ದಿನ ಬಿಸಿಲು ಬೇಕು.

ಸಾದಿಮಾನ್: ಪೆಂಡಾಲಿದೆಯೋ, ಬಯಲೋ?

ವಾರ್ಸಿನಿ: ಬಯಲು. ಬೆಟ್ಟದ ತಲೆ ಮೇಲೆ.

ಸಾದಿಮಾನ್: ಅತಿಥಿಗಳು ಎಷ್ಟು?

ವಾರ್ಸಿನಿ: ಒಂದು ಫೋನು.

ಸಾದಿಮಾನ್: ಇರಲಿ. ಒಬ್ಬರಾದ್ರೂ ಅತಿಥಿ ಅತಿಥೀನೇ.

ಮುಂದಿನದನ್ನು ಅಜ್ಜ ಪಾಠ ಒಪ್ಪಿಸುವಂತೆ ಹೇಳಿದ. ಕಡ್ಡಿಗೆ ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ ಚುಚ್ಚಿ ನೆಲಕ್ಕೆ ನೆಡಬೇಕು. ಕಾರ್ಯ ಮುಗಿಯುವವರೆಗೆ ಯಾರಿಗಾಗಿ ಮಳೆ ತಡೆದಿದೆಯೋ ಅವರು ಸ್ನಾನ ಮಾಡಬಾರದು. ಇವರಿಗೆ ಅದೇನೂ ಕಷ್ಟವಲ್ಲ ಎಂದರು ವಾರ್ಸಿನಿ. ಎಲ್ಲ ಸಲೀಸಾಗಿ ಮುಗಿಯಿತೆನ್ನುವಾಗ ಅಜ್ಜ ಕೊನೆಯ ಪ್ರಶ್ನೆ ಕೇಳಿದ.

ಸಾದಿಮಾನ್: ಮಳೇನ ಎಲ್ಲಿಗೆ ಹಾಕಲಿ?

ಹರ್ಜೋನೋ: ಎಲ್ಲಿಗೆ ಅಂದ್ರೆ? ನಿಲ್ಲಿಸೋದಲ್ವಾ ನಿಮ್ಮ ಕೆಲಸ?

ಸಾದಿಮಾನ್: ಮಳೆ ನಿಲ್ಲಿಸೋಕೆ ನಾನ್ಯಾರು? ಬಂದ ಮಳೆ ಎಲ್ಲಾದ್ರೂ ಬೀಳಲೇಬೇಕು. ನಾನು ಸರಿಸ್ತೀನಿ, ಅಷ್ಟೇ. ಜಾಗ ನೀವು ಹೇಳಬೇಕು.

ವಾರ್ಸಿನಿ ಪೂರ್ವಕ್ಕೆ ಹಾಕಿ ಎಂದರು. ಅಲ್ಲಿ ಬೊಯೊಲಾಲಿಯಲ್ಲಿ ಮದುವೆ, ಆಗಲೇ ಮಾತು ಕೊಟ್ಟಾಗಿದೆ ಎಂದ ಅಜ್ಜ. ದಕ್ಷಿಣ? ಸೆಲೋದಲ್ಲಿ ಹಕ್ಕಿಗಳನ್ನು ಹಾಡಿಸುವ ಪಂದ್ಯ ಇದೆ, ನೆನೆದ ಹಕ್ಕಿ ಹಾಡುವುದಿಲ್ಲ. ಪಶ್ಚಿಮ? ಮಾಗೆಲಾಂಗಿನಲ್ಲಿ ಇವನಂಥವನೇ ಇನ್ನೊಬ್ಬ ಅಜ್ಜನಿದ್ದಾನೆ. ಇವನು ಅತ್ತ ತಳ್ಳಿದರೆ ಅವನು ಇತ್ತ ತಳ್ಳುತ್ತಾನೆ. ಹೋದ ವರ್ಷ ಹಾಗೆ ತಳ್ಳಾಡಿ ಇಬ್ಬರಿಗೂ ನೆಗಡಿಯಾಯಿತು.

ಸಾದಿಮಾನ್: ಉತ್ತರ ಖಾಲಿ ಇದೆ. ಅತ್ತ ಯಾರೂ ಹಿಡಿದಿಲ್ಲ.

ಹರ್ಜೋನೋ: ಬೆಟ್ಟಕ್ಕೆ ಉತ್ತರ ಅಂದ್ರೆ ನಾವೇ.

ಸಾಲಾತಿಗಾದಲ್ಲಿ ಮಳೆ ಬಿದ್ದರೆ ಏನಾಗುತ್ತದೆಂದು ವಾರ್ಸಿನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಕರಾಕ್ ಮಾಡಿ ಮಾರುವವರು. ಅನ್ನವನ್ನು ಕುಟ್ಟಿ, ಬಿಲ್ಲೆ ಕೊಯ್ದು, ಬಿಸಿಲಿಗೆ ಒಣಗಿಸಿ ಕರಿಯುವ ಸಂಡಿಗೆ ಅದು. ಬೊಯೊಲಾಲಿಯ ಆ ಮದುವೆಗೆ ಕರಾಕ್ ಕೊಡುತ್ತೇನೆಂದು ಒಪ್ಪಿಕೊಂಡವರೂ ಅವರೇ. ಮನೆಯಂಗಳದ ತುಂಬ ಬಿದಿರಿನ ತಟ್ಟಿಗಳ ಮೇಲೆ ಹಸಿ ಬಿಲ್ಲೆಗಳು ಮಲಗಿದ್ದವು. ಮೂರು ದಿನ ಬಿಸಿಲು ಕಾಣದಿದ್ದರೆ ಅವಕ್ಕೆ ಬೂಸಲು ಬರುತ್ತದೆ.

ಹರ್ಜೋನೋ ಇದನ್ನೆಲ್ಲ ಕ್ಷಣದಲ್ಲಿ ಕಂಡರು. ಧ್ವನಿ ತಗ್ಗಿಸಿದರು.

ಹರ್ಜೋನೋ: ಬೇಡ ಇಬು. ನನ್ನದೊಂದು ಫೋನಿಗೋಸ್ಕರ ನಿನ್ನ ಕರಾಕ್ ಹಾಳಾಗೋದು ನನಗಿಷ್ಟ ಇಲ್ಲ. ಬಿಸಿಲು ನಿನಗೇ ಇರಲಿ. ನಾನು ಫೋನಿಲ್ಲದೇ ಹೇಗೋ ಮೂರು ದಿನ ಕಳೆದು ಬರ್ತೀನಿ.

ಮದುವೆಯಾದಂದಿನಿಂದ ಅವರು ಹೆಂಡತಿಗಾಗಿ ಏನನ್ನಾದರೂ ತ್ಯಾಗ ಮಾಡಿದ್ದು ಇದೇ ಮೊದಲು. ವಾರ್ಸಿನಿಗೆ ಅನುಮಾನ ಬಂದದ್ದೂ ಅದರಿಂದಲೇ. ಅವರು ಗಂಡನ ಮುಖವನ್ನು, ಬೆಂದಿದೆಯೋ ಇಲ್ಲವೋ ಎಂದು ಅಗುಳು ಒತ್ತಿ ನೋಡುವಂತೆ, ಸಾವಕಾಶವಾಗಿ ನೋಡಿದರು. ಆಮೇಲೆ ಫೋನಿನ ಕಡೆ ಬಗ್ಗಿದರು.

ವಾರ್ಸಿನಿ: ಅಜ್ಜಾ, ಮಳೆಯೆಲ್ಲ ನಮ್ಮೂರಿಗೆ ಹಾಕಿದ್ರೆ ಬೆಟ್ಟದ ಮೇಲೆ ಪೂರ್ತಿ ಬಿಸಿಲಾ?

ಸಾದಿಮಾನ್: ಒಂದು ಹನಿ ಬೀಳಲ್ಲ.

ವಾರ್ಸಿನಿ: ಗಾಳಿ?

ಸಾದಿಮಾನ್: ಬೆಟ್ಟ ಅಂದಮೇಲೆ ಗಾಳಿ ಇದ್ದೇ ಇರುತ್ತಲ್ಲ ತಾಯಿ. ಅದನ್ನ ನಾನು ತರಬೇಕಾಗಿಲ್ಲ.

ವಾರ್ಸಿನಿ: ಹಾಗಾದ್ರೆ ಉತ್ತರಕ್ಕೇ ಹಾಕಿ.

ಹರ್ಜೋನೋ: ಊರವರ ಬಟ್ಟೆಬರೆ?

ವಾರ್ಸಿನಿ: ಒಳಗೆ ಹಾಕ್ಕೋತಾರೆ. ಗಿಲಾಂಗ್, ಹೆಂಗಸರ ಬೂಟು ತೋರಿಸು.

ಹರ್ಜೋನೋ: ಯಾರಿಗೆ?

ವಾರ್ಸಿನಿ: ಬಿಸಿಲಿರೋ ಕಡೆ ಕರಾಕ್ ಹೋಗಬೇಕು. ಕರಾಕ್ ಇರೋ ಕಡೆ ನಾನಿರಬೇಕು. ನೀವೂ ನಿಮ್ಮ ಗೆಳೆಯರೂ ಆಳಿಗೊಂದು ಮೂಟೆ ಹೊತ್ತರೆ ಆಯ್ತು.

ಮೇಷ್ಟರು ಮೊದಲು ಮೇಲಿನ ಚಳಿಯ ಮಾತೆತ್ತಿದರು, ಆಮೇಲೆ ಹೆಂಡತಿಯ ಮಂಡಿಯ ಮಾತು, ಕೊನೆಗೆ ಟೆಂಟಿನ ಇಕ್ಕಟ್ಟಿನ ಮಾತು. ಚಳಿಗೆ ಕಂಬಳಿಯಿದೆ ಎಂದರು ವಾರ್ಸಿನಿ. ಮಂಡಿ ತಮ್ಮದು, ಅದರ ಚಿಂತೆಯೂ ತಮ್ಮದೇ. ಟೆಂಟಿನಲ್ಲಿ ಜಾಗ ಸಾಲದಿದ್ದರೆ ಗೆಳೆಯರು ಹೊರಗೆ ಮಲಗಲಿ, ಹೇಗೂ ಮಳೆಯಿಲ್ಲ. ಇಷ್ಟು ಹೇಳುತ್ತ ಅವರು ಬೂಟಿನ ದಾರ ಬಿಗಿಯುತ್ತಿದ್ದರು. ಹರ್ಜೋನೋ ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹರ್ಜೋನೋ: ಗಿಲಾಂಗ್, ಆ ದೊಡ್ಡದನ್ನ ಕೊಡು. ಅದಕ್ಕಿಂತ ದೊಡ್ಡದಿದ್ರೆ ಅದನ್ನೇ ಕೊಡು. ಇಬು, ನಾನು ಬೆಳಿಗ್ಗೆ ಫೋನ್ ಮಾಡ್ತೀನಿ, ಮಧ್ಯಾಹ್ನ ಮಾಡ್ತೀನಿ, ಸಂಜೆ ಮಾಡ್ತೀನಿ. ಏನು ತಿಂದೆ ಅಂತ ನೀನು ಕೇಳೋದೇ ಬೇಡ, ತಿನ್ನೋವಾಗಲೇ ತೋರಿಸ್ತೀನಿ. ನೀನು ಆರಾಮವಾಗಿ ಮನೇಲಿರು.

ಗಿಲಾಂಗ್: ಬಾಪಾ ಹೇಳೋದು ಸರಿ ಇಬು.

ವಾರ್ಸಿನಿ: ನಾನು ಹೋಗೋದು?

ಗಿಲಾಂಗ್: ಅದೂ ಸರಿ ಇಬು.

ಅವನು ದೊಡ್ಡ ಚಾರ್ಜರನ್ನು ಮತ್ತೆ ಬಿಚ್ಚಿ ಹಾಸಿದ. ವಾರ್ಸಿನಿ ಒಂದೇ ಕಾಲಿನ ಬೂಟಿನಲ್ಲಿ ಎದ್ದು ಬಂದು ಅದರ ಕಪ್ಪು ಮೈಯನ್ನು ಅಂಗೈಯಿಂದ ಸವರಿದರು.

ವಾರ್ಸಿನಿ: ಇದು ಬಿಸಿಲಿಗೆ ಕಾಯುತ್ತಾ?

ಗಿಲಾಂಗ್: ಕೈ ಇಡೋಕಾಗಲ್ಲ ಇಬು.

ಅವರು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೇಣು ಹಾಕಿ ಅಳೆದರು.

ವಾರ್ಸಿನಿ: ಬಿದಿರಿನ ತಟ್ಟಿಗಿಂತ ಇದೇ ವಾಸಿ. ಮಡಚಿ ಒಯ್ಯಬಹುದು. ಕಟ್ಟಿಕೊಡು.

ಹರ್ಜೋನೋ: ಇದರ ಮೇಲೆ ಕರಾಕ್ ಹರಡಿದ್ರೆ ಫೋನ್ ಚಾರ್ಜ್ ಆಗಲ್ಲ.

ವಾರ್ಸಿನಿ: ಆಗದಿದ್ರೆ ಬಿಡಿ. ನಾನು ಪಕ್ಕದಲ್ಲೇ ಇರ್ತೀನಿ, ಫೋನ್ ಯಾರಿಗೆ ಮಾಡ್ತೀರಿ?